ಛತ್ರದ ಮೂರನೆಯ ಕಂಬ

ನಾನು ಮಾಡದ ಕೆಲಸವನ್ನು ನನ್ನದೆಂದು ಹೇಳಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸಲಿಲ್ಲ. ಆ ಕೆಲಸ ಮಾಡಿದ ಮನುಷ್ಯನ ಮುಂದಿನ ಕೆಲಸವನ್ನೂ ತಪ್ಪಿಸಿದೆ.

ಒಂಬತ್ತು ವರ್ಷದ ಹಿಂದಿನ ಮಾತು. ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ನಾನೂ ಮುರುಗೇಶಣ್ಣನೂ ಕಬ್ಬಿಣದ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುತ್ತಿದ್ದೆವು. ನನಗೆ ಉಳಿ ಹಿಡಿಯಲು ಕಲಿಸಿದವರೇ ಅವರು. ವರ್ಕ್‌ಶಾಪು ಮುಚ್ಚಿದ ಮೇಲೆ ಇಬ್ಬರೂ ಒಂದೇ ಕಡೆ ಸೇರಿಕೊಂಡೆವು — ಕೆರೆ ದಂಡೆಯ ಹಳ್ಳಿಯೊಂದರಲ್ಲಿ ಹಳೆಯ ಛತ್ರದ ದುರಸ್ತಿ. ಎತ್ತಿನ ಗಾಡಿಯ ಕಾಲದಲ್ಲಿ ದಾರಿಹೋಕರು ತಂಗುತ್ತಿದ್ದ ಜಾಗ. ಶಿವಮೊಗ್ಗದ ಇಂಜಿನಿಯರ್ ಮೇಡಂ ಒಬ್ಬರು ಅದನ್ನು ಇದ್ದ ಹಾಗೆಯೇ ಉಳಿಸಿ, ಪ್ರವಾಸಿಗರಿಗೆ ತೆರೆಯಬೇಕೆಂದಿದ್ದರು.

ಜಗಲಿಯ ಮೂರನೆಯ ಕಂಬದ ಬುಡ ಗೆದ್ದಲಿಗೆ ಹೋಗಿತ್ತು. ಕಿತ್ತು ಹೊಸದು ನಿಲ್ಲಿಸೋಣ ಎಂದೆ. ಮುರುಗೇಶಣ್ಣ ಕಂಬಕ್ಕೆ ಕಿವಿಯಿಟ್ಟು, ಬೆರಳಿನಿಂದ ಮೇಲಿನವರೆಗೂ ತಟ್ಟಿ ನೋಡಿದರು.

"ಮೇಲೆಲ್ಲ ಗಟ್ಟಿ ಐತಪ್ಪ. ಕಾಲು ಕೊಳೀತು ಅಂತ ಆಳನ್ನೇ ಬಿಸಾಕ್ತಾರೇನೋ?"

ಬಿದ್ದ ಕೊಟ್ಟಿಗೆಯೊಂದರ ಹಲಸಿನ ತೊಲೆಯನ್ನು ಹುಡುಕಿ ತಂದರು. ಅದರ ಎಳೆ ಕಂಬದ ಎಳೆಗೆ ಹೊಂದುವವರೆಗೆ ತಿರುಗಿಸಿ ತಿರುಗಿಸಿ ನೋಡಿದರು. ಹದಿನೈದು ದಿನ ಕೆತ್ತಿ, ಕೊಳೆತ ಬುಡದ ಜಾಗಕ್ಕೆ ಅದನ್ನು ಜೋಡಿಸಿದರು. ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಅಂಥ ಕೈಯನ್ನು ನಾನು ಮತ್ತೆಲ್ಲೂ ನೋಡಿಲ್ಲ — ಆಗಲೂ ಅದು ನನಗೆ ಗೊತ್ತಿತ್ತು.

ಮೇಡಂ ನೋಡಲು ಬಂದ ದಿನ ಮುರುಗೇಶಣ್ಣ ಬಂದಿರಲಿಲ್ಲ. ಅವರ ಹೆಂಡತಿ ಸೆಲ್ವಿ ಅಕ್ಕ ಭದ್ರಾವತಿಯ ಆಸ್ಪತ್ರೆಯಲ್ಲಿದ್ದರು. ಮೇಡಂ ಕಂಬದ ಮೇಲೆ ಕೈಯಾಡಿಸಿ ಕೇಳಿದರು, "ಯಾರ್ರೀ ಮಾಡಿದ್ದು ಇದನ್ನ?"

"ನಾನೇ ಮೇಡಂ."

ಪಕ್ಕದ ದೊಡ್ಡ ಛತ್ರಕ್ಕೂ ಕೈ ಹಾಕ್ತೀವಿ, ನಿಮ್ಮ ಜೊತೆಗಾರರೂ ಬರ್ತಾರಾ ಎಂದರು. ಬಂದರೆ ಯಾರ ಕೈ ಯಾವುದೆಂದು ತಿಳಿದುಬಿಡುತ್ತದೆ. "ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ ಮೇಡಂ," ಎಂದೆ. ಮುರುಗೇಶಣ್ಣನಿಗೆ ಮುಂದಿನ ಕೆಲಸ ನಿಂತುಹೋಯಿತೆಂದು ಹೇಳಿದೆ. ಎರಡು ವರ್ಷ ಆ ದೊಡ್ಡ ಛತ್ರದಲ್ಲಿ ಒಬ್ಬನೇ ದುಡಿದೆ.

ಹೋದ ತಿಂಗಳು ಮೇಡಂ ನನ್ನನ್ನೂ ನನ್ನ ಹೆಂಡತಿ ಗಿರಿಜೆಯನ್ನೂ ಅತಿಥಿಗಳಾಗಿ ಕರೆದರು. ಎರಡೂ ಛತ್ರಗಳಲ್ಲಿ ಒಂದೊಂದು ದಿನ ತಂಗಿದೆವು. ಎಷ್ಟು ಚೆನ್ನಾಗಿ ಉಳಿಸಿದ್ದಾರೆ! ಗಾರೆ ನೆಲ ಬರಿಗಾಲಿಗೆ ತಂಪು. ಕದ ತೆರೆದರೆ ಕೆರೆಯ ಬೆಳಕು ತೊಲೆಗಳ ಮೇಲೆ ಆಡುತ್ತದೆ. ಬೆಳಿಗ್ಗೆ ಗಿರಿಜೆ ಜಗಲಿಯ ಮೇಲೆ ಕಾಫಿ ಹಿಡಿದು ಕೂತು, ಆ ಕಂಬಕ್ಕೆ ಬೆನ್ನು ಕೊಟ್ಟಳು.

"ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಎಲ್ಲಿ ರೀ ಜೋಡಿಸಿದ್ದು? ತೋರಿಸಿ."

ತೋರಿಸಲು ಬಗ್ಗಿದೆ. ಬೆರಳಿನಿಂದ ಸವರಿದೆ, ಉಗುರಿನಿಂದ ಕೆರೆದೆ, ಸುತ್ತ ಬಂದು ಮತ್ತೆ ನೋಡಿದೆ — ಜೋಡಣೆ ಸಿಗಲಿಲ್ಲ. ಗಿರಿಜೆ ನಗುತ್ತಿದ್ದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಅಲ್ಲೇ, ಅವಳಿಗೆ ಮೊದಲು ಹೇಳಿದೆ. ಒಳಗೆ ಹೋಗಿ ಮೇಡಂಗೂ ಹೇಳಿದೆ.

ಆ ಮಧ್ಯಾಹ್ನವೇ ಭದ್ರಾವತಿಯ ಹಳೇನಗರಕ್ಕೆ ಹೋದೆ. ಮುರುಗೇಶಣ್ಣ ಬಾಗಿಲಲ್ಲಿ ಕೂತು ಯಾರದ್ದೋ ಮನೆಯ ಮಣೆಗೆ ಕಾಲು ಹಚ್ಚುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೊತ್ತು ಕಣೋ. ಒಂದಿನ ಬಸ್ಸಲ್ಲಿ ಹೋಗ್ತಾ ನೋಡ್ದೆ. ಆ ದೊಡ್ಡ ಛತ್ರಕ್ಕೆ ನೀನು ಕಿಟಕಿ ಕೂರಿಸ್ತಿದ್ದೆ."

"ಮತ್ತೆ — ಕೇಳಲಿಲ್ಲವಲ್ಲಣ್ಣ?"

"ಏನಂತ ಕೇಳಲಿ, ಬಸವರಾಜ? ನಾನೇ ಕಲಿಸಿದ ಹುಡುಗ." ಉಳಿ ಕೆಳಗಿಟ್ಟರು. "ಆಸ್ಪತ್ರೆಗೆ ಓಡಾಡ್ತಿದ್ದೆ. ಆವಾಗ ನಂಗೆ ಆ ಕೆಲ್ಸ ಬೇಕಿತ್ತು ಕಣೋ."

ಅಷ್ಟೇ. ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಒಳಗಿನಿಂದ ಸೆಲ್ವಿ ಅಕ್ಕ ಯಾರು ಬಂದಿರೋದು ಎಂದು ಕೇಳಿದರು. "ನಮ್ ಬಸವರಾಜ," ಎಂದರು ಮುರುಗೇಶಣ್ಣ.

'ನಮ್' ಎಂಬ ಆ ಮಾತನ್ನು ಕೇಳಿಸಿಕೊಂಡು ನಿಂತಿದ್ದೆ. ಅದಕ್ಕೆ ನಾನು ಅರ್ಹನಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಆಗಲಿಲ್ಲ.