ಹದಿನಾರು ಬೋಲ್ಟಿಗಾಗಿ ಮಾಕಳಿಗೆ

ಬೆಳಿಗ್ಗೆ ಎಂಟಕ್ಕೆ ಯಲಹಂಕ ಉಪನಗರದಿಂದ ಹೊರಟೆ. ಜೇಬಿನಲ್ಲಿ ಮುರಿದ ಕಪ್ಪು ಪ್ಲಾಸ್ಟಿಕ್ ಬೋಲ್ಟೊಂದಿತ್ತು. ನಮ್ಮ ಮಹಡಿ ತೋಟದ ಪ್ಲಾಸ್ಟಿಕ್ ಶೆಡ್ಡಿನ ಚಾವಣಿ ಹಿಂದಿನ ಸಂಜೆ, ಮೇ ತಿಂಗಳ ಗಾಳಿಗೆ ಬೋಲ್ಟುಗಳು ಮುರಿದು ಎದ್ದುಹೋಗಿತ್ತು. ಒಳಗೆ ನನ್ನ ಹೆಂಡತಿ ಸಾವಿತ್ರಿ ಪೊಟ್ಟಣ ಕಟ್ಟಿ, ಹೆಸರು ಬರೆದಿಟ್ಟ ಬೀಜಗಳಿದ್ದವು. ಅವಳು ತೀರಿಹೋಗಿ ನಾಲ್ಕು ತಿಂಗಳು. ಪೊಟ್ಟಣಗಳನ್ನು ಕೆಳಗೆ ತರಬಹುದಿತ್ತು, ಆದರೆ ಅವಳು ಜೋಡಿಸಿಟ್ಟದ್ದನ್ನು ಕದಲಿಸಲು ಮನಸ್ಸು ಬರಲಿಲ್ಲ. ಮೇಲಿನಿಂದಲೇ ಟಾರ್ಪಾಲು ಹೊದಿಸಿ ಬಂದಿದ್ದೆ. ಸಂಜೆ ಮತ್ತೆ ಮಳೆಯಂತೆ.

ಐದು ವರ್ಷದ ಹಿಂದೆ ಆ ಶೆಡ್ಡು ಕೊಂಡವನು ನಾನು. "ಒಂದು ಬೋಲ್ಟೂ ಅಲುಗಾಡಿಲ್ಲ, ನೋಡ್ರಿ" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡವನೂ ನಾನೇ.

ಹೆಬ್ಬಾಳದಲ್ಲಿ ಇಳಿದು ಎರಡು ಅಂಗಡಿ ಕೇಳಿದೆ. "ಕಬ್ಬಿಣದ್ದು ಹಾಕ್ಬಿಡಿ ಸಾರ್" ಎಂದರು. ಕಬ್ಬಿಣ ಬಿಗಿದರೆ ಹಲಗೆ ಸೀಳುತ್ತದೆ. ಯಶವಂತಪುರದಲ್ಲಿ ಈರುಳ್ಳಿ ಮೂಟೆಗಳ ನಡುವೆ ಅಲೆದು, ಎರಡು ಇಡ್ಲಿ ತಿಂದು, ಮತ್ತೆ ವಿಚಾರಿಸಿದೆ. ಒಬ್ಬ ವ್ಯಾಪಾರಿ ಬೋಲ್ಟನ್ನು ತಿರುಗಿಸಿ ನೋಡಿ, "ಮಾಕಳೀಲಿ ಮೋಲ್ಡಿಂಗ್ ಮಾಡೋರಿದಾರೆ, ಟ್ರೈ ಮಾಡಿ ಗುರುಗಳೇ" ಎಂದ. ಮೆಟ್ರೋ ಹತ್ತಿದೆ. ಗೊರಗುಂಟೆಪಾಳ್ಯದಲ್ಲಿ ಕೆಳಗೆ ಲಾರಿಗಳು ಅಲ್ಲಾಡದೆ ನಿಂತಿದ್ದವು. ಕೊನೆಯ ನಿಲ್ದಾಣದಿಂದ ಆಟೋಗೆ ಎಂಬತ್ತು ರೂಪಾಯಿ.

ಮಾಕಳಿಯ ಆ ತಗಡಿನ ಕಾರ್ಖಾನೆಯ ಮಾಲೀಕರಿಗೆ ನನ್ನಷ್ಟೇ ವಯಸ್ಸು. ಬೋಲ್ಟು ನೋಡಿದ್ದೇ, "ಯಲಹಂಕದ ಸಾವಿತ್ರಮ್ಮಾರ ಮನೆಯೋರಾ? ಈ ಅಳತೇದು ಅವ್ರೊಬ್ರೇ ತಗಳ್ಳೋದು. ಅವ್ರು ಬರ್ಲಿಲ್ವಾ?" ಎಂದರು.

ವಿಷಯ ಹೇಳಿದೆ. ಅವರು ಎದ್ದು ಹೋಗಿ ಯಂತ್ರ ನಿಲ್ಲಿಸಿ ಬಂದರು.

"ಬಿಸಿಲಿಗೆ ಇವು ಇಂಗೇ ಪುಡಿಯಾಗ್ತವೆ ಸಾರ್. ಅಮ್ಮಾರು ವರ್ಸಾ ವರ್ಸಾ ಯುಗಾದಿಗ್ ಮುಂಚೆ ಬಂದು ಅದಿನಾರು ತಗಂಡೋಗೋರು. 'ನಮ್ಮನೆಯವ್ರು ಆಸೆಪಟ್ಟು ತಂದಿರೋ ಶೆಡ್ಡು, ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ' ಅನ್ನೋರು. ಈ ಸಲ ಯಾಕೋ ಬರ್ಲಿಲ್ಲ ಅನ್ಕಂಡಿದ್ದೆ."

ಮೂರು ಬಸ್ಸು ಬದಲಿಸಿ, ಈ ಧೂಳಿನಲ್ಲಿ, ನನ್ನ ಜಂಬ ಉಳಿಸುವುದಕ್ಕೆ ಅವಳು ಬರುತ್ತಿದ್ದಳು. ಹದಿನಾರು ಎಣಿಸಿ ಕೊಟ್ಟು ಅವರು ಎಚ್ಚರಿಸಿದರು: "ಒಬ್ರು ಒಳಗೆ ನಟ್ಟು ಇಡ್ಕಬೇಕು, ಇನ್ನೊಬ್ರು ಒರಗಿಂದ ತಿರುಗಿಸ್ಬೇಕು."

ಮೂರೂವರೆಗೆ ಮನೆ ಮುಟ್ಟಿದೆ. ಮೋಡ ಕವಿದಿತ್ತು. ಟಾರ್ಪಾಲು ಸರಿಸಿ ಚಾವಣಿಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದೆ. ಹೊರಗಿನಿಂದ ತಿರುಗಿಸಿದರೆ ಒಳಗಿನ ನಟ್ಟೂ ತಿರುಗುತ್ತಿತ್ತು. ಅವಳೊಬ್ಬಳೇ ಹೇಗೆ ಮಾಡುತ್ತಿದ್ದಳು? ಮೊದಲ ಸಲ ಆ ಶೆಡ್ಡಿನೊಳಗೆ ಹೋಗಿ ನೋಡಿದೆ. ಅಲ್ಲಲ್ಲಿ ಉಳಿದಿದ್ದ ನಟ್ಟುಗಳನ್ನೆಲ್ಲ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಕಚ್ಚಿ ಹಿಡಿದಿದ್ದವು. ಕ್ಲಿಪ್ಪುಗಳು ಎಲ್ಲಿ ಮಾಯವಾಗುತ್ತವೆ ಎಂದು ನಾನು ಎಷ್ಟು ರೇಗಿದ್ದೆ! ನಾನು ಹಿಡಿದು ನಿಲ್ಲಬೇಕಾಗಿದ್ದ ಜಾಗ ಅದು.

ತಂತಿಯಿಂದ ಇನ್ನಷ್ಟು ಕ್ಲಿಪ್ಪು ಕಿತ್ತು ತಂದು, ಅವಳಂತೆಯೇ ಸಿಕ್ಕಿಸಿ, ಹದಿನಾರನ್ನೂ ಬಿಗಿದೆ. ಐದಕ್ಕೆ ಮಳೆ ಸುರಿಯಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ.

"ಸಾವಿತ್ರೀ, ಬಂದು ನೋಡೇ, ಒಂದು ಬೋಲ್ಟೂ ಅಲುಗಾಡಿಲ್ಲ!" ಎಂದು ಮೆಟ್ಟಿಲ ಕಡೆಗೆ ಕೂಗಿಯೇಬಿಟ್ಟೆ.