ಅಡುಗೆಮನೆ ಕಿಟಕಿಯ ನೀಲಿ ಬಟನ್ನು

ನಮ್ಮವ್ವನಿಗೆ ಸುಮ್ಮನೆ ಉರಿಯುವ ದೀಪ ಕಂಡರೆ ಆಗದು. ಕೊಟ್ಟಿಗೆಯ ಬಲ್ಬು, ಬಚ್ಚಲಿನ ಬಲ್ಬು, ಕೊನೆಗೆ ನಾವು ಕೂತು ಉಣ್ಣುತ್ತಿರುವ ನಡುಮನೆಯ ಬಲ್ಬನ್ನೂ "ಕಿಟಕಿ ಬೆಳಕಲ್ಲಿ ಬಾಯಿ ಎಲ್ಲದೆ ಅಂತ ಗೊತ್ತಾಗಾಕಿಲ್ವಾ?" ಎಂದು ಆರಿಸಿಬಿಡುತ್ತಾಳೆ. ಟಿವಿ ನಿಂತ ಮೇಲೂ ಅದರ ಮೂಲೆಯಲ್ಲಿ ಉಳಿಯುವ ಕೆಂಪು ಚುಕ್ಕೆಯನ್ನು ಸಹಿಸದೆ ಗೋಡೆಯ ಸ್ವಿಚ್ಚಿಗೇ ಕೈ ಹಾಕುತ್ತಾಳೆ. ನೆಂಟರ ಮನೆಗೆ ಹೋದರೂ ಅವಳ ಕೈ ಸುಮ್ಮನಿರದು. ಒಮ್ಮೆ ಕೆ.ಆರ್. ಪೇಟೆಯ ಮದುವೆ ಛತ್ರವೊಂದರಲ್ಲಿ ಪಂಕ್ತಿ ಏಳುವ ಮೊದಲೇ ಸಾಲು ಟ್ಯೂಬ್‌ಲೈಟು ಆರಿಸಿ, ಸಾರು ಬಡಿಸುತ್ತಿದ್ದವರ ಕೈಲಿ ಬೈಸಿಕೊಂಡಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ದೀಪ ಉರಿಯುವ ಫೋನೊಂದನ್ನು ಮನೆಗೆ ತಂದೆ.

ಆಗ ನಾನು ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಟೀಚರು. ಚಿನಕುರಳಿ ಹತ್ತಿರದ ನಮ್ಮೂರಿಂದ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಇನ್ನೊಂದು. ನನ್ನ ಜೊತೆಯ ಟೀಚರುಗಳೆಲ್ಲ ಆಗಷ್ಟೇ ಸ್ಮಾರ್ಟ್‌ಫೋನು ತೆಗೆದುಕೊಂಡು, ಪರದೆ ಮೇಲೆ ಬೆರಳು ಜಾರಿಸುವುದನ್ನು ಎಲ್ಲರಿಗೂ ಕಾಣುವ ಹಾಗೆ ಮಾಡುತ್ತಿದ್ದರು. ನನಗೂ ಒಂದು ಬೇಕೆನಿಸಿತು, ಸುಳ್ಳೇಕೆ ಹೇಳಲಿ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯವನು ಕಡಿಮೆ ಬೆಲೆಯದೊಂದನ್ನು ಮುಂದಿಟ್ಟ. ಮೇಲರ್ಧ ಪುಟ್ಟ ಪರದೆ, ಕೆಳಗರ್ಧ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಗುಂಡಿ, ಅವುಗಳ ಕೆಳಗೆ ಮೂಲೆಯಲ್ಲಿ ಬೇರೆಯದೇ ಆದ ಒಂದು ಬಟನ್ನು.

"ಇದ್ರ ಸ್ಪೆಷಲ್ಲೇ ಇದು ಮೇಡಂ. ಫೋಟೋ ತೆಗುದ್ರೆ ಈ ಬಟನ್ನು ನೀಲಿಗೆ ಮಿಣುಕ್ತದೆ. ಒತ್ತಿ ಇಡ್ಕೊಳಿ, ಫೋಟೋ ಸೀದಾ ನೆಟ್ಟಿಗೆ ಓಯ್ತದೆ, ದೀಪ ಆರೋಯ್ತದೆ. ಪರಪಂಚಕ್ಕೆಲ್ಲ ಗೊತ್ತಾಯ್ತದೆ" ಎಂದ.

ನಮ್ಮೂರಿನಲ್ಲಿ ಪ್ರಪಂಚಕ್ಕೆಲ್ಲ ಗೊತ್ತಾಗಲು ಬಟನ್ನೇನೂ ಬೇಕಿರಲಿಲ್ಲ. ಡೈರಿ ಮುಂದೆ ಹಾಲಿನ ಕ್ಯಾನು ಇಳಿಸಿ ಎರಡು ಮಾತಾಡಿದರೆ ಸಾಕಿತ್ತು. ನನ್ನ ಮನಸ್ಸು ಹೋದದ್ದು ಗುಂಡಿಗಳ ಮೇಲೆ. ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ನೇತಾಡುತ್ತಾ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ನೋಡದೆಯೇ ಮೆಸೇಜು ಒತ್ತಬಹುದಿತ್ತು. ಅವ್ವನಿಗೂ ಗುಂಡಿಗಳು ಹಿಡಿಸಿದವು. "ಇತುಕಿದ ಅವರೆಕಾಳು ಜೋಡಿಸ್ದಂಗವೆ" ಎಂದು ಮೇಲೆ ಕೈಯಾಡಿಸಿದಳು. ಪರದೆ ಒತ್ತುವ ಫೋನು ಅವಳ ಒರಟು ಬೆರಳಿಗೆ ಓಗೊಡುತ್ತಿರಲಿಲ್ಲ. ಇದಾದರೆ ಒತ್ತಿದರೆ ಒತ್ತಿದಂತೆ ಗೊತ್ತಾಗುತ್ತಿತ್ತು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಒಂದೇ ಜಾಗದಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ. ಹಾಗಾಗಿ ಸ್ಕೂಲಿನಿಂದ ಬಂದವಳೇ ಫೋನನ್ನು ಉಪ್ಪಿನ ಜಾಡಿಯ ಪಕ್ಕ ಇಟ್ಟು ಚಾರ್ಜಿಗೆ ಹಾಕುತ್ತಿದ್ದೆ. ಮಾರನೆಯ ಬೆಳಿಗ್ಗೆಯವರೆಗೆ ಅದು ಅಲ್ಲಿಯೇ.

ಕೆಲವೇ ದಿನಗಳಲ್ಲಿ ವಿಚಿತ್ರ ಶುರುವಾಯಿತು. ದರ್ಜಿಗೆ ತೋರಿಸಲೆಂದು ರವಿಕೆಯ ಬೆನ್ನಿನ ಡಿಸೈನನ್ನು ಫೋಟೋ ತೆಗೆದಿದ್ದೆ, ಅದು ನೆಟ್ಟಿನಲ್ಲಿ ನನ್ನ ಹೆಸರಲ್ಲಿ ಪ್ರಕಟವಾಗಿತ್ತು. ಕೆಳಗೆ ನಮ್ಮ ಹೆಡ್‌ಮಿಸ್ಸು "ಚೆನ್ನಾಗಿದೆ" ಎಂದು ಬರೆದಿದ್ದರು. ಆಮೇಲೆ ಡಾಕ್ಟರಿಗೆ ತೋರಿಸಲು ತೆಗೆದ ಎಮ್ಮೆಯ ಕೆಚ್ಚಲು ಹೋಯಿತು. ಅಪ್ಪ ಬಾಯಿ ತೆರೆದುಕೊಂಡು ಜಗಲಿಯಲ್ಲಿ ಮಲಗಿದ್ದನ್ನು ತಮಾಷೆಗೆ ತೆಗೆದಿದ್ದೆ, ಅದೂ ಹೋಯಿತು. ಅಪ್ಪನಿಗೆ ನನ್ನ ಯಾವ ಫೋಟೋಗೂ ಬಾರದಷ್ಟು ಲೈಕು ಬಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಂಗಡಿಯವನ ಹತ್ತಿರ ಹೋಗಿ ಜಗಳಾಡಿದೆ. ಅವನು ಬಟನ್ನನ್ನು ಒಂದೆರಡು ಸಲ ಕುಟ್ಟಿ, "ವಸಿ ಲೂಸದೆ ಅನ್ಸುತ್ತೆ ಮೇಡಂ, ಬ್ಯಾಗಲ್ಲಿ ಒತ್ಕೊಂಡಿರ್ತದೆ" ಎಂದ. ಅಂದಿನಿಂದ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನಲ್ಲಿಡತೊಡಗಿದೆ. ಮನೆಗೆ ಬಂದು ಕರ್ಚೀಫು ಬಿಚ್ಚಿ ಕಿಟಕಿಯಲ್ಲಿಡುತ್ತಿದ್ದೆ. ನನ್ನ ಜಾಣತನ ಅಷ್ಟಿತ್ತು.

ಈ ನಡುವೆ ನನ್ನ ಮದುವೆ ಗೊತ್ತಾಯಿತು. ಗಂಡು ಕೆ.ಆರ್. ಪೇಟೆಯವರು. ಅವ್ವನಿಗೆ ಮದುವೆಗಿಂತ ಮೊದಲು ನೆನಪಾದದ್ದು ಅವಳ ತಮ್ಮ, ಅಂದರೆ ನನ್ನ ಸೋದರಮಾವ. ನಾಗಮಂಗಲದ ಕಡೆಯ ಒಂದು ಊರಲ್ಲಿ ಹೈಸ್ಕೂಲು ಮೇಷ್ಟ್ರು. ಅಜ್ಜಿ ತಾತ ಇಬ್ಬರೂ ಹೋದ ಮೇಲೆ ಅವ್ವನಿಗೆ ತವರು ಎಂದರೆ ಅವರೊಬ್ಬರೇ. ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚಾದ ಮೇಲೆ ಒಂದನ್ನು ಮನೆದೇವರ ಮುಂದಿಟ್ಟು, ಆಮೇಲಿನ ಮೊದಲ ಪತ್ರಿಕೆಯನ್ನು ತಾಯಿಯೇ ಕೈಯಾರೆ ಒಯ್ದು, ಎಲೆಅಡಿಕೆ ತೆಂಗಿನಕಾಯಿ ಸಮೇತ ತವರಿಗೆ ಕೊಡಬೇಕು. ಅಲ್ಲಿಗೆ ಮುಟ್ಟದೆ ಪಕ್ಕದ ಮನೆಗೂ ಕೊಡುವ ಹಾಗಿಲ್ಲ. ಮದುವೆಯ ದಿನ ಹೆಣ್ಣಿನ ಕೈ ಹಿಡಿದು ಹಸೆಮಣೆಗೆ ಕರೆತರುವವನೂ ಸೋದರಮಾವನೇ. ಅವ್ವ ತಮ್ಮನ ಮುಂದೆ ತಟ್ಟೆ ಹಿಡಿದು ನಿಲ್ಲುವುದನ್ನು ನಾನು ಹುಟ್ಟಿದಾಗಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದಳೋ ಏನೋ.

ಪಾಂಡವಪುರದ ಪ್ರೆಸ್ಸಿನವರು ಒಂದು ಸಂಜೆ ಪತ್ರಿಕೆಯ ಕರಡು ತೋರಿಸಿದರು. ಅಪ್ಪ ಒಮ್ಮೆ ನೋಡಲಿ ಎಂದು ಅದರ ಫೋಟೋ ತೆಗೆದುಕೊಂಡು ಬಂದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ ಸರಿ ಎಂದರು. ಫೋನು ಎಂದಿನಂತೆ ಕಿಟಕಿ ಸೇರಿತು.

ಮಾರನೆಯ ಬೆಳಿಗ್ಗೆ ಅಪ್ಪನ ಫೋನಿಗೆ ಮಾವನ ಕರೆ ಬಂತು. ಪಕ್ಕದಲ್ಲಿದ್ದ ನನಗೂ ಕೇಳಿಸುವಷ್ಟು ಗಟ್ಟಿಯಾಗಿ, "ಭಾವ, ಕಾರ್ಡು ಬಂತು ಅಂತ ಅಕ್ಕಂಗೆ ಏಳ್ಬುಡಿ" ಎಂದರು, ಇಟ್ಟುಬಿಟ್ಟರು.

ಕಾರ್ಡು ಇನ್ನೂ ಅಚ್ಚೇ ಆಗಿರಲಿಲ್ಲ. ಓಡಿಹೋಗಿ ಫೋನು ನೋಡಿದರೆ ನನ್ನ ಮದುವೆಯ ಪತ್ರಿಕೆ ನೆಟ್ಟಿನಲ್ಲಿತ್ತು. ಅದರ ಕೆಳಗೆ ಹಳೆಯ ಸಹಪಾಠಿಗಳು, ಹೆಡ್‌ಮಿಸ್ಸು, ಯಾರ್ಯಾರೋ ಶುಭ ಹಾರೈಸಿ ಮುಗಿಸಿದ್ದರು. ಎಲ್ಲರಿಗಿಂತ ಮೊದಲು ಹಾರೈಸಿದ್ದವನು ಮಾವನ ಮಗ. ಅವನು ತನ್ನ ಫೋನನ್ನು ಮಾವನ ಮುಂದೆ ಹಿಡಿದಿರುತ್ತಾನೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ.

"ನಿಂಗೇನಮ್ಮಿ ಅಂತಾ ಅರ್ಜೆಂಟು?" ಎಂದು ಅಪ್ಪ ರೇಗಿದರು. ನಾನು ಹಾಕಿಲ್ಲ, ಬಟನ್ನು ಲೂಸು ಎಂದು ದೇವರ ಮೇಲೆ ಆಣೆ ಮಾಡಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಲೆಯ ಮುಂದೆ ಕೂತು, "ನನ್ ತಮ್ಮ ಬರ್ನಿಲ್ಲ ಅಂದ್ರೆ ನಿನ್ನ ಕೈ ಇಡ್ದು ಅಸೆಗೆ ಕರ್ಕಂಬರೋರು ಯಾರು? ನನ್ನ ಪಾಲಿಗೆ ತವ್ರು ಮುಗುದಂಗೆ ಬುಡು" ಎಂದಳು. ಅವತ್ತು ಮುದ್ದೆ ಮುಟ್ಟಲಿಲ್ಲ. ದೀಪ ಆರಿಸುವುದನ್ನೂ ಮರೆತಿದ್ದಳು, ಕೊಟ್ಟಿಗೆಯ ಬಲ್ಬು ಬೆಳಗಾದರೂ ಉರಿಯುತ್ತಿತ್ತು. ಅದನ್ನು ನೋಡಿಯೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಪ್ರೆಸ್ಸಿನವರ ಬೆನ್ನು ಬಿದ್ದು ಪತ್ರಿಕೆ ಅಚ್ಚು ಮಾಡಿಸಿಕೊಂಡು, ದೇವರ ಮುಂದಿಟ್ಟು, ನಾನು ಅವ್ವ ನಾಗಮಂಗಲದ ಬಸ್ಸು ಹತ್ತಿದೆವು. ಅವ್ವ ತೆಂಗಿನಕಾಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಲುಕೋಟೆ ಬೆಟ್ಟ ಕಂಡಾಗ ಕೈ ಮುಗಿದಳು. ಏನು ಬೇಡಿಕೊಂಡಳು ಎಂದು ಕೇಳುವ ಅಗತ್ಯವಿರಲಿಲ್ಲ.

ಮಾವ ಜಗಲಿಯ ಮೇಲಿನ ಮಂಚದಲ್ಲಿ ಪೇಪರು ಬಿಡಿಸಿಕೊಂಡು ಕೂತಿದ್ದರು. ನನ್ನತ್ತ ನೋಡದೆ ಅವ್ವನೊಬ್ಬಳಿಗೇ, "ಬನ್ನಿ, ಕೂತ್ಕೊಳ್ಳಿ" ಎಂದರು. ಹುಟ್ಟಿದಾಗಿನಿಂದ ನೀನು, ಬಾ, ಹೋಗು ಎಂದುಕೊಂಡು ಬಂದ ಅಕ್ಕನಿಗೆ ಬಹುವಚನ! ಅವ್ವನ ಮುಖ ಸಪ್ಪಗಾಯಿತು. ಅತ್ತೆ ಒಳಗಿಂದ ನೀರು ತಂದುಕೊಟ್ಟು, ಈ ಜಗಳಕ್ಕೂ ನನಗೂ ಸಂಬಂಧವಿಲ್ಲ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿ ಬಾಗಿಲಲ್ಲಿ ನಿಂತರು. ಅವ್ವ ತಟ್ಟೆಯಲ್ಲಿ ಎಲೆಅಡಿಕೆ, ಕಾಯಿ, ಪತ್ರಿಕೆ ಜೋಡಿಸಿ ಮಂಚದ ಮೇಲಿಟ್ಟಳು.

"ಇದ್ಯಾಕೆ?" ಎಂದರು ಮಾವ, ಪೇಪರಿನ ಹಿಂದಿನಿಂದ. "ಊರಿಗೆಲ್ಲ ಹಂಚಿದ್ರಲ್ಲ, ನಮಗೂ ಒಂದು ಬಂದಿದೆ. ಎರಡೆರಡು ಯಾಕೆ?"

"ಇದೇ ಮೊದುಲ್ನೇದು ಕಣ್ಲಾ. ದೇವರಾಣೆಗೂ ಇದೇ ಮೊದುಲ್ನೇದು."

"ಮೊದಲನೇದನ್ನ ನಾನು ಮಗನ ಫೋನಲ್ಲಿ ನೋಡಿದೆ."

ಅಪ್ಪನಿಗೆ ತೋರಿಸಲು ಒಂದು ಸಾಕ್ಷಿಯಿರಲಿ, ಪತ್ರಿಕೆಯನ್ನು ಮೊದಲು ಇಲ್ಲಿಯೇ ಇಟ್ಟಿದ್ದೇವೆ ಎಂದು ನಾನು ಒಂದು ಫೋಟೋ ತೆಗೆದು ಫೋನನ್ನು ತಟ್ಟೆಯ ಪಕ್ಕ ಇಟ್ಟೆ. ಅವ್ವ ಅಳು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಿದ್ದಂತೆಯೇ ಅವಳ ಕಣ್ಣು ಕೆಳಗೆ ಹೋಯಿತು. ಫೋನಿನ ಮೂಲೆಯಲ್ಲಿ ನೀಲಿ ದೀಪ ಮಿಣುಕುತ್ತಿತ್ತು. ಅವ್ವ ಅಳುತ್ತಲೇ ಕೈ ಚಾಚಿ ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು, ದೀಪ ಆರುವವರೆಗೂ. ಆರಿದ ಮೇಲೆ ಮತ್ತೆ ಕಣ್ಣೊರೆಸಿಕೊಳ್ಳತೊಡಗಿದಳು.

ಒಳಗಿನ ಕೋಣೆಯಲ್ಲಿ ಟಿಣ್ ಎಂದಿತು. ಮಾವನ ಮಗ ಫೋನು ಹಿಡಿದು ಹೊರಗೆ ಬಂದು, "ಅಪ್ಪೋ, ನಿನ್ನ ಫೋಟೋ ಬಂದದೆ ನೆಟ್ಟಲ್ಲಿ. ತಟ್ಟೆ, ಕಾಯಿ, ಇಂದುಗಡೆ ಪೇಪರು, ಕೆಳಗಡೆ ನಿನ್ನ ಕಾಲು" ಎಂದ.

ನಾನು ಅವ್ವನನ್ನೇ ನೋಡುತ್ತಾ ನಿಂತೆ. "ಅವ್ವಾ, ಈಗೇನ್ ಮಾಡ್ದೆ ನೀನು?"

"ಏನ್ ಮಾಡ್ದೆ?"

"ಆ ಬಟನ್ನು ಒತ್ತಿದ್ಯಲ್ಲ!"

"ಸುಮ್ಕೆ ಉರೀತಾ ಇತ್ತು, ಆರುಸ್ದೆ."

"ಯಾವತ್ತಿಂದ ಆರುಸ್ತಿದ್ದೀಯ?"

ಅವ್ವನಿಗೆ ಸಿಟ್ಟೇ ಬಂತು. "ಅದು ಮನೆಗೆ ಬಂದಾಗ್ಲಿಂದ! ನೀನು ಒಂದಿನಾನಾರ ಆರುಸಿದ್ದೀಯಾ? ಉರಿಯಾಕೆ ಬುಟ್ಟು ಓಗಿ ಬಿದ್ಕತೀಯ. ದಿನಾ ಒಲೆ ಮುಂದ್ಲಿಂದ ಎದ್ದು ನಾನೇ ಆರುಸ್ಬೇಕು."

ಪೇಪರು ಅಲುಗಾಡತೊಡಗಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಕೊನೆಗೆ ಅದು ಮಂಚದ ಕೆಳಗೆ ಬಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಅತ್ತೆ ನಕ್ಕರು, ನಾನು ನಕ್ಕೆ, ರವಿಕೆ, ಕೆಚ್ಚಲು, ಅಪ್ಪನ ತೆರೆದ ಬಾಯಿ ಎಲ್ಲವನ್ನೂ ನೆನೆದು ಮತ್ತೆ ನಕ್ಕೆ. ಅವ್ವ ಒಬ್ಬಳೇ ನಮ್ಮೆಲ್ಲರ ಮುಖ ನೋಡುತ್ತಾ, "ಏನಾಯ್ತುರ್ಲಾ ನಿಮ್ಗೆ?" ಎನ್ನುತ್ತಿದ್ದಳು.

ನಗು ಇಳಿದ ಮೇಲೆ ಮಾವ ನನ್ನ ಕಡೆ ತಿರುಗಿದರು. ಮೇಷ್ಟ್ರ ಭಾಷೆ ಹೋಗಿ ಮನೆಯ ಮಾತು ಬಂದಿತ್ತು. "ನೋಡಮ್ಮಿ, ಇವ್ಳು ಚಿಕ್ಕವ್ಳಿಂದ್ಲೂ ಇಂಗೇಯ. ಸೀಮೆಎಣ್ಣೆಗೆ ಬಾಳ ಕಷ್ಟ ಇದ್ದ ಕಾಲ. ನಮ್ಮವ್ವ ಊಟ ಆಗೇಟ್ಗೆ ದೀಪ ಆರ್ಸು ಅಂತ ಇವ್ಳಿಗೇ ಏಳೋದು. ಮನೇಲಿದ್ದ ದೀಪ ಎಲ್ಲಾನೂ ಊದಿ ಆರುಸ್ಬುಡೋಳು. ನಾನು ಓದ್ತಾ ಕೂತಿದ್ದ ಬುಡ್ಡಿ ಒಂದ ಬುಟ್ಟು." ಬಗ್ಗಿ ಪೇಪರು ಎತ್ತಿ ಮಡಚಿಟ್ಟರು. "ಅದ್ಯಾಕೆ ಉರೀತದೆ ಅಂತ ಅವ್ವ ಬೈದ್ರೆ, ನಂಗೆ ಕತ್ಲು ಕಂಡ್ರೆ ಭಯ ಕಣವ್ವ ಅನ್ನೋಳು. ಇವ್ಳಿಗೆ ಯಾವ ಕತ್ಲ ಭಯಾನೂ ಇರ್ನಿಲ್ಲ. ನಾನು ಮೇಷ್ಟ್ರಾಗಿದ್ದು ಆ ಸುಳ್ಳಲ್ಲೇಯ."

"ಓದೋ ಉಡ್ಗನ ದೀಪ ಆರುಸ್ತಾರೇನ್ಲಾ ಯಾರಾದ್ರೂವೆ?" ಎಂದಳು ಅವ್ವ.

ಮಾವ ಮಂಚದಿಂದ ಎದ್ದು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಎರಡೂ ಕೈ ಚಾಚಿದರು. "ಕೊಡಕ್ಕ, ಪತ್ರಿಕೆ ಕೊಡು. ಕೂತ್ಕಂಡು ಈಸ್ಕಬಾರ್ದು" ಎಂದರು. ಅವ್ವ ತಟ್ಟೆ ಎತ್ತಿಕೊಟ್ಟಳು. ಅವಳ ಅವಸರಕ್ಕೆ ಕಾಯಿ ಉರುಳಿ ಬಿದ್ದು, ಮಾವನ ಮಗ ಅದರ ಹಿಂದೆ ಓಡಿದ. ಅವತ್ತು ಅತ್ತೆ ಮಾಡಿದ್ದ ಬಸ್ಸಾರಿನಲ್ಲಿ ಅವ್ವ ಎರಡು ದಿನದ ಮುದ್ದೆಯನ್ನು ಒಟ್ಟಿಗೇ ಉಂಡಳು.

ಮದುವೆ ನಡೆದದ್ದು ಕೆ.ಆರ್. ಪೇಟೆಯಲ್ಲಿ, ಅವ್ವ ಟ್ಯೂಬ್‌ಲೈಟು ಆರಿಸಿ ಬೈಸಿಕೊಂಡಿದ್ದ ಅದೇ ಛತ್ರದಲ್ಲಿ. ಅಷ್ಟು ಹೊತ್ತಿಗೆ ಆ ಬಟನ್ನು ಏನು ಮಾಡುತ್ತದೆ ಎಂದು ಅವ್ವನಿಗೆ ಚೆನ್ನಾಗಿ ಅರ್ಥವಾಗಿತ್ತು. ಫೋಟೋ ಕಳಿಸುವುದಕ್ಕೆ ನಮ್ಮ ಮನೆಯಲ್ಲಿ 'ಆರಿಸೋದು' ಎಂದೇ ಹೆಸರಾಗಿತ್ತು. ಮಾವ ರೇಷ್ಮೆ ಪಂಚೆ ಉಟ್ಟು, ನನ್ನ ಕೈ ಹಿಡಿದು ಹಸೆಮಣೆಯ ಕಡೆಗೆ ನಡೆಸಿಕೊಂಡು ಬರುವಾಗ ಅವರ ಮಗ ನನ್ನ ಫೋನಿನಲ್ಲಿ ಒಂದು ಫೋಟೋ ತೆಗೆದ. ತೆಗೆದವನೇ ಫೋನನ್ನು ಅವ್ವನ ಕೈಗಿತ್ತ. ನೀಲಿ ದೀಪ ಮಿಣುಕುತ್ತಿತ್ತು.

"ಅಕ್ಕ, ದೀಪ ಉರೀತಾ ಅದೆ, ಆರ್ಸು" ಎಂದು ಮಾವ ಕಣ್ಣು ಮಿಟುಕಿಸಿದರು.

ಅವ್ವ ಹೆಬ್ಬೆರಳೆತ್ತಿದಳು. ಪರದೆಯಲ್ಲಿದ್ದ ತಮ್ಮನನ್ನು ನೋಡಿದಳು, ಎದುರಿಗಿದ್ದ ತಮ್ಮನನ್ನು ನೋಡಿದಳು. ಬೆರಳು ಕೆಳಗಿಳಿಸಿದಳು.

"ಇರ್ಲಿ ಬುಡ್ಲಾ, ಉರೀಲಿ" ಎಂದಳು.

ಆಮೇಲೆ ನಾನು ಎಷ್ಟೋ ಫೋನು ಬದಲಾಯಿಸಿದೆ. ಅಕ್ಷರಕ್ಕೊಂದು ಗುಂಡಿಯ ಆ ಬಗೆಯ ಫೋನು ಈಗ ಅಂಗಡಿಗಳಲ್ಲಿ ಕಾಣುವುದಿಲ್ಲ. ನನ್ನದು ಸಿಮ್ಮಿಲ್ಲದೆ ಅವ್ವನ ಅಡುಗೆಮನೆಯ ಕಿಟಕಿಯಲ್ಲಿದೆ, ಉಪ್ಪಿನ ಜಾಡಿಯ ಪಕ್ಕ. ಕಳೆದ ಸಲ ಹೋದಾಗಲೂ ಚಾರ್ಜಿಗೆ ಹಾಕಿಟ್ಟಿದ್ದಳು, ಪರದೆಯಲ್ಲಿ ಮದುವೆಯ ದಿನದ ಅದೇ ಫೋಟೋ, ಮೂಲೆಯಲ್ಲಿ ನೀಲಿ ದೀಪ ಮಿಣುಕುತ್ತಿತ್ತು. "ಕರೆಂಟು ದಂಡ ಅಲ್ವೇನವ್ವ?" ಎಂದು ಕಾಲೆಳೆದೆ. ಅವ್ವ ಕೇಳಿಸದವಳಂತೆ ಅದರ ಮುಂದೆಯೇ ಹಾದುಹೋಗಿ, ನಾನು ಕೂತಿದ್ದ ನಡುಮನೆಯ ಬಲ್ಬು ಆರಿಸಿದಳು.