ಸೇತುವೆ ಕೆಳಗಿನ ಹಾರ್ನ್

ಅವನು ಹೊಳೆಯಲ್ಲಿ ಮರಳು ಸಾಗಿಸುವ ಬಾರ್ಜ್ ನಡೆಸುತ್ತಿದ್ದ. ಅಣ್ಣನೆಂದರೆ ಅವನಿಗೆ ಜೀವ. ಸೇತುವೆಯ ಕೆಳಗೆ ಕಟ್ಟಿಹಾಕಿದ್ದ ಹಳೇ ಲಾಂಚಿಗೆ ಅಣ್ಣನೇ ಕಾವಲು. ಹಾದುಹೋಗುವಾಗೆಲ್ಲ ತಮ್ಮ ಹಾರ್ನ್ ಹೊಡೆಯುತ್ತಿದ್ದ, ಅಣ್ಣ ಹೊರಬಂದು, "ಊಟ ಆಯ್ತೇನೋ?" ಎಂದು ಕೂಗುತ್ತಿದ್ದ.

ಹೊಳೆ ತುಂಬಿ ಹರಿಯುತ್ತಿದ್ದ ಒಂದು ಮಧ್ಯಾಹ್ನ ಬಾರ್ಜಿನ ಎಂಜಿನ್ ಕೆಟ್ಟು ನಿಂತಿತು. ಸೆಳವಿಗೆ ಸಿಕ್ಕ ಬಾರ್ಜ್ ಸೇತುವೆಯ ಕಂಬಕ್ಕೆ ಬಡಿದು, ಅಡ್ಡ ತಿರುಗಿ ಲಾಂಚಿನತ್ತ ನುಗ್ಗಿತು. ಅಣ್ಣ ದಡಕ್ಕೆ ಹಾರಿಕೊಳ್ಳಲಿ ಎಂದು ತಮ್ಮ ಒಂದೇ ಸಮನೆ ಹಾರ್ನ್ ಒತ್ತಿದ. ಅಣ್ಣ ಎಂದಿನಂತೆ ನಗುತ್ತಾ ಹೊರಬಂದು ಕೈಬೀಸಿದ. ಲಾಂಚು ಮಗುಚಿತು. ಅಣ್ಣ ಉಳಿಯಲಿಲ್ಲ.

ಸೂತಕದ ಮನೆಯಲ್ಲಿ ಅತ್ತಿಗೆ, "ಅಷ್ಟು ಹಾರ್ನ್ ಹೊಡೆದ್ರೂ ಅವರು ಯಾಕಪ್ಪಾ ಓಡಲಿಲ್ಲ?" ಎಂದು ಕೇಳಿದಳು. ಅವನು ಮತ್ತೆ ಬಾರ್ಜ್ ಹತ್ತಲಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡ.